ಶೇರಿನ ಲೆಕ್ಕ

ಶೇರು ಅಂದ್ರ ನಮಗ ಜ್ವಾಳ ಅಳಿಯೋ ಶೇರು,
ಬಾಯಿ ಸವದದ್ದು, ತಳಕ್ಕ ಸರಕಾರಿ ಮುದ್ರಿ.
ಈ ಶೇರು ಬ್ಯಾರೆ.
ಆರು ಕಾರ್ಡು ರಾತ್ರಿಯೆಲ್ಲ ಒಂದೊಂದೇ ಅಂಕಿ ಹುಡುಕಿ
ಇದು ನಡೀತದೇನ್ರಿ ಅಂತ ಪೂಲಿಗೆ ಒಪ್ಪಿಸ್ತಾವ,
ಎಲ್ಲೋ ಕುಂತ ಮಿಷನ್ನು ಹೂಂ ಅಂತದ.
ಅಲ್ಲಿಗೆ ಒಂದು ಶೇರು.
ಹೋಗಿ ಮುಟ್ಟೂದು ತಡ ಆತಂದ್ರ
ಆ ಶೇರು ಹಳಸ್ತು,
ನಿನ್ನಿ ಅನ್ನದಂಗ.

ಹಗಲು ನಾನು ರಾಯಚೂರು ಗಂಜಿನ್ಯಾಗ
ಅಡತಿ ಅಂಗಡಿ ಗುಮಾಸ್ತ.
ಹತ್ತಿ ಅಂಡಗಿ ಕಾಟಾಕ್ಕ ಬಿದ್ದಂಗ ಗೀಟು ಎಳಿತೀನಿ,
ನಾಕು ಉದ್ದ, ಮ್ಯಾಲೊಂದು ಅಡ್ಡ.
ರಾತ್ರಿ ಅದೇ ಅಂಗಡಿ ಅಟ್ಟದ ಮ್ಯಾಲ,
ಸ್ಯಾಂಪಲ್ ಹತ್ತಿ ಇಡೋ ಖೋಲ್ಯಾಗ,
ಕಬ್ಬಿಣದ ರ‍್ಯಾಕಿಗೆ ತಂತೀಲೆ ಬಿಗದ ಆರು ಕಾರ್ಡು,
ಹೈದರಾಬಾದಿನ ಸೆಕೆಂಡ್ ಹ್ಯಾಂಡ್ ಮಾಲು.
ಮೇ ತಿಂಗಳು. ಗ್ವಾಡಿಗೆ ಕೈ ಇಟ್ರ ರೊಟ್ಟಿ ಹಂಚು.
ಕರೆಂಟಿನ ತವರುಮನಿ ಶಕ್ತಿನಗರ, ಅರ್ಧ ತಾಸಿನ ಹಾದಿ,
ಆದ್ರೂ ಸಂಜಿ ಏಳಕ್ಕ ವೋಲ್ಟೇಜು
ಮುನಿಸಿಕೊಂಡ ಅಳಿಯನಂಗ
ಹೊಸ್ತಿಲದಾಗೇ ನಿಂತಿರ್ತದ.

ಸಾಫ್ಟ್‌ವೇರ್ ಬರದಾವಗ ನೂರಕ್ಕ ಒಂದು.
ತಾಸಿಗೆ ಮೂವತ್ತಾರು ಸೆಕೆಂಡು
ನನ್ನ ಕಾರ್ಡು, ನನ್ನ ಬಿಲ್ಲು, ಅವನ ಖಾತಿ.
ಹೇಳೇ ತೊಗೋತಿದ್ದ:
'ಡೆವ್ ಫೀ ಶುರು.' ಆಮ್ಯಾಲ, 'ಮುಗೀತು.'
ಪರದೆ ಮ್ಯಾಲ ಹಸಿರು ಅಕ್ಷರ.
ಆ ಹಸಿರು ಕಂಡ್ರ ನನಗ ಹೊಟ್ಟಿ ಉರಿ.

ತೀನ್ ಕಂದೀಲಿನ ಮೊಬೈಲ್ ಅಂಗಡಿ ಸೂಗೂರೇಶ
ಪೆನ್ ಡ್ರೈವ್ ಕೊಟ್ಟ. 'ಫೀ ತೆಗದದ್ದು ಅಣ್ಣ, ಪುಕ್ಕಟ.'
ಹಸಿರು ಸಾಲು ಹೋತು.
ನಾಕು ದಿನ ಸುಖದ ನಿದ್ದಿ.

ಐದನೇ ದಿನ ಪರದೆ ಮ್ಯಾಲ ನೂರಾ ಎಂಬತ್ತು,
ಪೂಲಿನ್ಯಾಗ ನೂರಾ ಐವತ್ತೆಂಟು.
ಹಳಸ್ಯಾವೇನೋ ಅಂತ ಸಿಂಗಾಪುರ ಬಿಟ್ಟು
ಮುಂಬೈ ಸರ್ವರ್ ಹಿಡದೆ.
ಮೆಮರಿ ಕ್ಲಾಕು ಇಳಿಸಿದೆ.
ಮೂರನೇ ಕಾರ್ಡಿನ ರೈಸರ್ ಕಿತ್ತು ಐದಕ್ಕ,
ಐದರದ್ದು ಮೂರಕ್ಕ.
ಕೂಲರಿಗೆ ಐಸು ಸುರುವಿದೆ.
ಪೂಲಿನ ಮಾರಿ ಹಂಗೇ ಇತ್ತು.

ಕಡೀಕ ಗೊತ್ತಿದ್ದ ಇದ್ಯೆ ಒಂದೇ ಉಳೀತು.
ಅಡತಿ ವಹಿಯ ಹಿಂದಿನ ಹಾಳಿ,
ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ
ಪರದೆ ಹೂಂ ಅಂದಾಗೆಲ್ಲ ಒಂದು ಗೀಟು.
ಸಾವಿರದ ನೂರಾ ನಲವತ್ತು.
ಪೂಲು ಅಂತದ, ಸಾವಿರದ ಮೂರು.
ನೂರಾ ಮೂವತ್ತೇಳು ಶೇರು
ಬಾಗಲ ಹಾಕಿದ ಮನಿಯಿಂದ ಹೋಗ್ಯಾವ.
ರೌಟರಿನ ದಾಖಲಿ ಕೆದರಿದರ ಎರಡು ವಿಳಾಸ.
ಒಂದು ನಂದು.
ಇನ್ನೊಂದಕ್ಕ ಹಸಿರು ಇಲ್ಲ, ಶುರು ಇಲ್ಲ, ಮುಗೀತು ಇಲ್ಲ,
ನೂರಕ್ಕ ಹನ್ನೆರಡು.

ಸೂಗೂರೇಶ ದೇವರ ಆಣಿ ಮಾಡಿದ.
ಅವನ ಅಂಗಡಿ ಹಿಂದ ಓಡೂದೂ ಅದೇ ಪೆನ್ ಡ್ರೈವಿಂದು.
ಅವ ಎಂದೂ ಎಣಿಸಿದ್ದಿಲ್ಲ.

ಕೆಳಗ ಹುಲಿಗೆವ್ವ ಕಸ ಹೊಡೀತಿದ್ಲು.
ಕಾಟಾದ ಸುತ್ತ ಚೆಲ್ಲಿದ ಹತ್ತಿ ಆಕಿದು,
ಸೇಠನ ಅಪ್ಪನ ಕಾಲದ ಮಾತದು.
ಉಡಿ ತುಂಬಿದ ಮ್ಯಾಲ ನನ್ನ ಮುಂದ ಬಂದು
ಬಿಚ್ಚಿ ತೋರಿಸಿ ಹೋಗ್ತಾಳ,
ಯಾರೂ ಕೇಳದಿದ್ರೂ.
'ರಾತ್ರಿ ಎಷ್ಟು ಶೇರಾತೋ ತಮ್ಮಾ?'
ಹೇಳಿದೆ. ಹೋದದ್ದೂ ಹೇಳಿದೆ.
ಕಸಬರಿಗಿ ಹಿಡಕೊಂಡೇ ನಿಂತ್ಲು.
'ಅಯ್ಯ, ಅಷ್ಟು ಇಲಿ ಸೈತ ತಿನ್ನಂಗಿಲ್ಲ.'

ಹಳೇದ ತಿರುಗಿ ಹಾಕಿದೆ.
ಹಸಿರು ಬಂತು. ಶುರು.
ಗಡಿಗಿ ನೀರು ಕುಡಕೋತ ನಿಂತೆ,
ಫ್ಯಾನಿನ ದನಿ ಬದಲಾದೀತೇನೋ ಅಂತ ಕಿವಿಗೊಟ್ಟು.
ಇಲ್ಲ.
ಯಾರಿಗೆ ದುಡೀಲಿಕತ್ತೀನಿ ಅಂತ ಅದಕ್ಕೇನು ಗೊತ್ತು.
ಮುಗೀತು.

ಮರುದಿನ ಗೀಟು ಸಾವಿರದ ನೂರಾ ಇಪ್ಪತ್ತೊಂಬತ್ತು,
ಪೂಲು ಸಾವಿರದ ನೂರಾ ಇಪ್ಪತ್ತಾರು.
ವಹಿ ಅಂಚಿಗೆ ಪೆನ್ಸಿಲ್ಲೀಲೆ ಬರದೆ,
ಹಳಸಿದ್ದು ಮೂರು.
ಬರದು,
ಪೆನ್ಸಿಲ್ಲು ಕಿವಿಗೆ ಸಿಗಿಸಿಕೊಂಡು
ಇನ್ನೊಮ್ಮೆ ಮೊದಲಿಂದ ಎಣಿಸಲಿಕ್ಕ ಕುಂತೆ.