ಕ್ಲಚ್ ವಾಯರಿನ ಎಳಿ

ನಮ್ಮತ್ತಿ ನೀಲಗಂಗವ್ವ ಏಕತಾರಿ ಕೂಡಿಸೂದು
ಪೇಟಿಗಲ್ಲ, ಹಿಟ್ಟಿನ ಗಿರಣಿಗೆ.
ಉಮದಿಯೊಳಗ ಸಂಜಿ ಐದಕ್ಕ ಕರೆಂಟ್ ಬರತೈತಿ,
ಗಿರಣಿ ಗುಂಯ್ ಅಂತೈತಿ,
ಜ್ವಾಳದ ಬುಟ್ಟಿ ನನ್ನ ತಲೀಮ್ಯಾಲಿಟ್ಟು ಕಳಿಸಿ
ಅತ್ತಿ ಮೊಳಿಯಿಂದ ಅದನ್ನ ಇಳಿಸತಾಳ.

ಮೊಳಿ ಒಂದ, ತೂಗಬಿದ್ದದ್ದು ನಾಕು:
ಏಕತಾರಿ, ಮಾವನ ಟೋಪಿಗಿ, ರೇಷನ್ ಚೀಲ,
ಮರಾಠಿ ಕ್ಯಾಲೆಂಡರು.
ಅತ್ತಿಗೆ ಅದರ ಅಕ್ಷರ ಬರೂದಿಲ್ಲ,
ಹುಣ್ಣಿಮಿ ಚಂದ್ರನ ಚಿತ್ರ ಕಂಡ್ರ ಸಾಕು.

ಕುಂತು ಹಾಡೂದಂತ ಏನಿಲ್ಲ.
ಬಳ್ಳೊಳ್ಳಿ ಸುಲಕೋತ ಎರಡು ಸಾಲು,
ಹೆಪ್ಪಿಗೆ ಮಜ್ಜಿಗಿ ಕೇಳಾಕ ಬಂದಾಕಿ ಕೂಡ ಮಾತು,
ಬಿಟ್ಟಲ್ಲಿಂದ ಮೂರನೇದ್ದು.
ತಂತಿ ಮೀಟೂದು ನನ್ನ ಮಗ,
ಬಿಸ್ಕೀಟು ಮೆತ್ತಿದ ಬಟ್ಟಿಲೆ.

ನಾ ಅಕ್ಕಲಕೋಟ ಕಡೀಯಾಕಿ. ಕಂಠ ಇಲ್ಲ.
ಅತ್ತಿ ಒಮ್ಮೆ ಕೇಳಿ,
'ನೀ ಒರಸೂದು ಒರಸು,
ಹಾಡೂದು ನಾ ನೋಡಕೋತೀನಿ' ಅಂದಿದ್ಲು.

ಒರಸೂವಾಗ ಹರೀತು.
ಆಕಿ ಏನೂ ಅನಲಿಲ್ಲ,
ಅನಲಿಲ್ಲಂತ ನನಗ ಅಂಜಿಕಿ.
ಅವತ್ತು ಗಿರಣಿ ಒಂದ ಗುಂಯ್‌ಗುಟ್ಟಿತು.
ರೊಟ್ಟಿ ಬಡದದ್ದು
ನಾಕು ಮನಿಗೆ ಕೇಳಿರಬೇಕು.

'ತಂತಿ ಮಿರಜಿಂದ ತರಬೇಕು,
ಮುಂದಿನ ವಾರ ನೋಡೂನು' ಅಂದ್ರು ಇವರು.
ಇವರ ವಾರ ನನಗ ಗೊತ್ತದಾವ.
ಗಾಡಿಯ ಹಳೇ ಕ್ಲಚ್ ವಾಯರ್ ಹುಡುಕಿ
ಒಂದು ಎಳಿ ಹಿರಿದೆ. ಕೈ ತುಂಬ ಗ್ರೀಸು.
ಶೀಗಿಪುಡಿ ಹಚ್ಚಿ ತಿಕ್ಕಿ
ಬುರುಡಿಗೆ ಬಿಗಿದೆ.

ಅತ್ತಿ ಮೀಟಿದ್ಲು, ಮತ್ತ ಮೀಟಿದ್ಲು.
ಗಿರಣಿ ಒಂದು ಕಡೆ, ಇದು ಒಂದು ಕಡೆ.
'ಹೊಸಾ ತಂತಿ ಮೂರು ದಿನ ಇಳೀತೈತಿ.
ಇಳದಷ್ಟು ಬಿಗೀಬೇಕು, ಬೈಬಾರ್ದು.
ಆಮ್ಯಾಲ ತಾ ಬಂದ ಜಾಗಾ ಮರೀತೈತಿ.'
'ಮರೀತೈತೇನು, ಅತ್ತಿ?'
ಆಕಿ ತವರು ಮಂಗಳವೇಢೆ.
ನಲವತ್ತು ವರ್ಷ ಆತು ಬಂದು.
ಬಿರಡಿ ತಿರುವಿ, ಮೂಗು ಬುರುಡಿ ಹತ್ರ ಒಯ್ದು,
'ಗ್ರೀಸ್ ವಾಸನಿ ಇನ್ನಾ ಐತಿ ನೋಡು' ಅಂದ್ಲು.

ನಾಕನೇ ದಿನ ಕರೆಂಟ್ ಬರಲಿಲ್ಲ.
ಐದಾತು, ಆರಾತು, ಗಿರಣಿ ಸುಮ್ಮ.
ಏಕತಾರಿ ಅತ್ತಿ ತೊಡೀಮ್ಯಾಲ,
ಮಗನ ಬಟ್ಟು ತಂತೀಮ್ಯಾಲ,
ಬೀಸದ ಜ್ವಾಳ ಹೊಸ್ತಿಲದಾಗ.
ಅತ್ತಿ ನನ್ನ ಕಡೆ ನೋಡಿ,
'ನೀನರ ಒಂದು ಸಲ ಗುಂಯ್ ಅನ್ನ'
ಅಂದ್ಲು.

ಬುಟ್ಟಿ ಸರಿಸಿ,
ಬಾಯಿ ಮುಚ್ಚಿಕೊಂಡು
ಅಂದೆ.