ಮೂರಕ್ಷರದ ಅಂಗಡಿ

ಸೆರಗಿನ ಗಂಟು ಬಿಚ್ಚಿ ಕೊಟ್ಟಳು ಶೇವಂತಾಬಾಯಿ
ಅಂಗೈಯಗಲದ ಒಂದು ಫೋಟೋ.
‘ಬೋರ್ಡ್ ಬರಿಯಾಂವ ನೀ, ದಾವಲ.
ಈ ಬೋರ್ಡಿನ್ಯಾಗ ಏನೈತಿ ಹೇಳು.
ಹೆಂಗಸಿನ ಹೆಸರಿದ್ರೂ ಹೇಳು, ಮುಚ್ಚಬ್ಯಾಡ.’

ಮೂವರು ಸಿಪಾಯಿಗಳು, ಬೂಟಿನ ತುದಿಗೆ ಹಿಮ.
ನಡುವಿನವ ಅವಳಪ್ಪ ಭರಮಾ ಖೋತ,
ಯುದ್ಧ ಮುಗಿದ ಮೇಲೆ ಕಾವಲಿಗೆಂದು ಹೋದವನು
ಜಪಾನಿನ ಯಾವುದೋ ಊರಿಗೆ.
ಹಿಂದೆ ಹಲಗೆಯಂಗಡಿ, ನೆತ್ತಿಯ ಮೇಲೆ ಮೂರಕ್ಷರ,
ಬಾಗಿಲ ಪಕ್ಕ ದುಂಡನೆಯ ತಗಡು, ಅದರೊಳಗೊಂದು.
ಬೆನ್ನಿಗೆ ಪೆನ್ಸಿಲ್ಲಿನಲ್ಲಿ ‘ನಿಪ್ಪ’ ಎಂಬವರೆಗೆ ಬರಹ,
ಉಳಿದದ್ದು ಬೆಳ್ಳಿಹುಳದ ಪಾಲು.
ನಮ್ಮ ನಿಪ್ಪಾಣಿಯೋ ಅವರ ನಿಪ್ಪೊನ್ನೋ
ಹುಳಕ್ಕೇನು ಗೊತ್ತು.

ಅವಳವ್ವ ಹೌಸಾಬಾಯಿ ಈ ಫೋಟೋವನ್ನು
ಗೋಡೆಗೆ ಮುಖ ಮಾಡಿ ತೂಗುಹಾಕಿದ್ದಳಂತೆ, ನಲವತ್ತು ವರ್ಷ.
ಸಂಜೆ ವಖಾರಿಯಿಂದ ಕೆಮ್ಮುತ್ತ ಬಂದು
ಒಮ್ಮೆ ತಿರುಗಿಸಿ ನೋಡಿ, ಮತ್ತೆ ಗೋಡೆಗೆ.
ಗಂಡ ಬಾಯಿ ಬಿಡದ ಒಂದು ಮನೆ,
ಬಾಗಿಲ ಮೇಲಿನದು ಅವಳ ಹೆಸರು, ಆ ಅವಳ ಹೆಸರು
ಎಂದೇ ಓದಿಕೊಂಡಳು
ಯಾವ ಲಿಪಿಯೂ ಬಾರದವಳು.

ನಾನು ಮೂರು ಲಿಪಿ ಬರೆದು ಹೊಟ್ಟೆ ಹೊರೆದವನು.
ಗಲಾಟೆಯ ವರ್ಷಗಳಲ್ಲಿ
ಹಗಲು ಬರೆದದ್ದಕ್ಕೆ ರಾತ್ರಿ ಡಾಂಬರು, ಮರುದಿನ ಮತ್ತೆ ಕೂಲಿ.
ಸುಳ್ಳೇಕೆ, ಎರಡೂ ಕಡೆ ಉಂಡಿದ್ದೇನೆ.
ಅಕ್ಷರ ತಿಳಿಯದಿದ್ದರೂ ಕೈ ತಿಳಿಯುತ್ತದೆ:
ಇಲ್ಲಿ ಕುಂಚ ಒತ್ತಿದ, ಇಲ್ಲಿ ಎಳೆದ, ಇಲ್ಲಿ ಕೊಡವಿದ.
ಎಡಗಡೆಯದು ಎರಡೇ ಗೀಟು, ಮೇಲೊಂದು ಕೆಳಗೊಂದು,
ಜಗಳಾಡಿ ಮಲಗಿದ ಗಂಡಹೆಂಡಿರಂತೆ ನಡುವೆ ಜಾಗ ಬಿಟ್ಟು.
ನಡುವಿನದರ ಹೆಗಲ ಮೇಲೆ ಎರಡು ಚುಕ್ಕೆ.
ಬಲಗಡೆಯದರ ಬಗಲಲ್ಲಿ ಮತ್ತದೇ ಎರಡು ಗೀಟು,
ಸಣ್ಣಗಾಗಿ, ತುಸು ಹತ್ತಿರಾಗಿ.

ಮೊಮ್ಮಗ ಮೊಬೈಲು ಹಿಡಿದ. ಕೋ, ಬಾ, ತಾ, ಎಂದಿತು ಅದು.
ಕೋಬಾತಾ. ‘ಹಂಗಂದ್ರ?’
‘ಹಂಗಂದ್ರ ಏನೂ ಇಲ್ಲಂತ, ಅಜ್ಜಾ.’
‘ಅರ್ಥ ಇಲ್ಲಂದ್ರ ಹೆಸರಾ ಇರಬೇಕು’ ಅಂದಳು ಶೇವಂತಾಬಾಯಿ
ಕಟ್ಟೆಯ ಮೇಲೆ ಕುಸಿದು. ‘ಅವ್ವನ ಮಾತು ಖರೆ ಆತು.’

ಮೂರು ದಿನ ರದ್ದಿಕಾಗದದ ಮೇಲೆ ತೀಡಿದೆ.
ನಾಲ್ಕನೆಯ ದಿನ ಭೂತಗನ್ನಡಿಯಲ್ಲಿ ಕಂಡದ್ದು ಇಷ್ಟು:
ಬಣ್ಣ ಬಲಕ್ಕೆ ದಟ್ಟ,
ಎಡಕ್ಕೆ ಬರಬರುತ್ತ ಕುಂಚ ಒಣಗಿದೆ.
ತುಂಬಿದ ಕುಂಚದಿಂದಲ್ಲವೇ ಯಾರೇ ಆಗಲಿ ಶುರು ಮಾಡುವುದು.
ಛೇ, ಬಲದಿಂದ ಹೊರಡುವ ಸಾಲು ನನಗೆ ಹೊಸದೇ,
ಮದರಸಾದ ಚಾಪೆಯ ಮೇಲೆ ಮೊದಲು ತಿದ್ದಿದ್ದೇ ಅದನ್ನು!

ತಾ. ಬಾ. ಕೋ.

ಹೊರಗೆ ಟ್ರಕ್ಕಿನಿಂದ ಚೀಲ ಇಳಿಸುತ್ತಿದ್ದರು.
ಇಡೀ ಓಣಿ ಸೀನುತ್ತಿತ್ತು.

‘ತಂಬಾಕಿನ ಅಂಗಡಿ, ಬಾಯಿ.’
ಅವಳು ಫೋಟೋವನ್ನು ಕಣ್ಣಿಗಲ್ಲ, ಮೂಗಿಗೆ ಹಿಡಿದಳು.
‘ಅಪ್ಪಗ ಓದಾಕ ಬರ್ತಿದ್ದಿಲ್ಲ.’
‘ಮೂಗಿತ್ತಲ್ಲ’ ಅಂದೆ.
ಬಹಳ ಹೊತ್ತಿನ ಮೇಲೆ:
‘ಅವ್ವನ ಸೀರಿ, ಎಷ್ಟು ಒಗದ್ರೂ ವಾಸನಿ ಹೋಗ್ತಿದ್ದಿಲ್ಲ.’

‘ಮತ್ತ ಈ ದುಂಡಂದು?’
ಅರ್ಧ ತುಕ್ಕು ತಿಂದಿತ್ತು. ಮೊಬೈಲು ಕೈಬಿಟ್ಟಿತ್ತು, ನಾನೂ.
ತಗಡಿನ ಪಕ್ಕ ಒಂದು ಪರದೆ,
ಪರದೆಯ ಅಂಚಿಗೆ ನಾಲ್ಕು ಬೆರಳು, ತೆಳ್ಳಗೆ.
ಬರಿಗಣ್ಣಿಗೆ ಕಾಣುವಂಥದಲ್ಲ.
ಗಾಜನ್ನು ಜೇಬಿಗಿಳಿಸಿದೆ.
‘ತುಕ್ಕು, ಬಾಯಿ.’
‘ಕೆಳಗೊಂದು ತಾಟಿದ್ದಂಗೈತಿ ನೋಡು’ ಅಂದಳು,
‘ಯಾರೋ ಉಣ್ಣಾಕ ಹಾಕಿರಬೇಕು. ಹಾಕ್ಲಿ ತಗೋ,
ದೂರದಾಗಿದ್ದ.’

ಅಕ್ಷರಕ್ಕೆ ಹತ್ತರಂತೆ ಎಣಿಸಿ
ಮೂವತ್ತು ರೂಪಾಯಿ ಇಟ್ಟು ಹೋದಳು.
ನಾಲ್ಕನೆಯದಕ್ಕೆ ಕೊಡಲಿಲ್ಲ.
ನಾನೂ ಕೇಳಲಿಲ್ಲ.