ಒಂಬತ್ತು ನಿಮಿಷ

ಕೆಮ್ಮಿನ ಔಷಧಿಯ ಬಾಟಲಿಗೆ ಟೋಪಿಯಾಗಿ ಬಂದ
ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲು.
ನಿನ್ನೆ ಹೊತ್ತು ಮುಳುಗುವ ಮೊದಲೇ
ಮೂವತ್ತರ ಗೆರೆಗೆ ಕೆಂಪು ದಾರ ಸುತ್ತಿಟ್ಟೆ.
ದಾರದ ಕೆಳಗೇ ನಿಲ್ಲಬೇಕು ಜೋಳದ ಅಂಬಲಿ,
ಬಟ್ಟಲಿಗೂ ಬಟ್ಟಲಿಗೂ ನಡುವೆ ಒಂಬತ್ತು ನಿಮಿಷ.
ಹಾಗೆ ಕುಡಿದರೆ ಕುಡಿದಂತಲ್ಲ
ಎಂದಿದ್ದರು ಠಾಣೆಯ ಹಜಾನರು ಫೋನಿನಲ್ಲಿ.
ಪೂರ್ತಿ ಕುಡಿದಂತಲ್ಲ, ಎಂದು ಆಮೇಲೆ ತಿದ್ದಿಕೊಂಡರು.

ಆಯಿ ಗೋಡೆಗೆ ಹೇಳಿದಳು:
"ಅರವತ್ತೊಂದು ವರ್ಷ ಹಿಡಿದ ಉಪವಾಸ.
ಇವನ್ನ ಹೊಟ್ಟ್ಯಾಗಿಟ್ಟುಕೊಂಡೂ ಬಿಡಲಿಲ್ಲ."

ಬಾಗಿಲು ಹಾಕುವ ಹಬ್ಬ ಅನ್ನುತ್ತಾರೆ ನಮ್ಮವರು ಇದಕ್ಕೆ.
ಕೌಲ್ ಬಜಾರಿನ ಈ ಮನೆಯಲ್ಲೂ ಹಾಕಿದ್ದೇವೆ,
ಕಿಟಕಿಗೊಂದು ಬಿಳಿ ಪಂಚೆ, ಮೈಮೇಲೆ ಬಿಳಿ.
ಪ್ರಾರ್ಥನೆಗೆ ಹತ್ತು ಗಂಡಸರು ಬೇಕು;
ಬಳ್ಳಾರಿಯಲ್ಲಿ ನಾನೊಬ್ಬ,
ಗೂಟಕ್ಕೆ ತೂಗುವ ಅಪ್ಪನ ಗಾರ್ಡ್ ಕೋಟು ಸೇರಿಸಿದರೆ ಒಂದೂವರೆ.

ಇವತ್ತು ಬರೆಯುವಂತಿಲ್ಲ. ಅದಕ್ಕೇ ಹುಣಿಸೆಬೀಜ:
ಬಟ್ಟಲಿಗೊಂದು ಬೀಜ ಸರಿಸುತ್ತೇನೆ
ಬಲದಿಂದ ಎಡಕ್ಕೆ, ನಮ್ಮ ಓದಿನ ಹಾಗೆ.
ಬೆರಳಿಗೆ ಹತ್ತಿದ ಅಂಬಲಿಯನ್ನು
ನೆಕ್ಕದೆ ಧೋತರಕ್ಕೆ ಒರೆಸಿಕೊಳ್ಳುತ್ತೇನೆ.
ಹನ್ನೊಂದರ ಹೊತ್ತಿಗೆ ಬೆಟ್ಟದ ಬಂಡೆ ಕಾದು
ಓಣಿಗೆಲ್ಲ ಬಿಸಿ ಕಾರುತ್ತದೆ.
ಅಂಬಲಿಯ ಹುಳಿವಾಸನೆಗೆ
ನಾಲಿಗೆ ಅಂಗುಳಿನಿಂದ ಬಿಡಿಸಿಕೊಳ್ಳುತ್ತದೆ, ಮತ್ತೆ ಅಂಟುತ್ತದೆ.

ಹತ್ತೊಂಬತ್ತನೆಯ ಬೀಜಕ್ಕೆ ಆಯಿ ತುಟಿ ಬಿಗಿದಳು.
ಮೇಲ್ದುಟಿಯಲ್ಲಿ ಬೆವರು, ಕೈಯಲ್ಲಿ ನಡುಕ,
ನನ್ನನ್ನು ಶಾಲೋಮ್ ಎಂದು ಕರೆದಳು.
ಶಾಲೋಮ್ ನನ್ನಪ್ಪ.
ವಿಮ್ಸಿನ ಡಾಕ್ಟರು ಹೇಳಿದ ಎಲ್ಲವೂ ಸಾಲಾಗಿ ಬಂದು ನಿಂತವು.

ಹಿತ್ತಲ ಕದದ ಆಚೆ ಹುಲಿಗೆವ್ವ:
"ಬಾಯಾರ, ಒಳಗ ಬರಾಂಗಿಲ್ಲ ಗೊತ್ತೈತಿ.
ಇಲ್ಲಿಂದಾನ ಕೇಳತೀನಿ, ಕುಡುದ್ರ್ಯಾ?
ನನ್ನ ಮಂಗಳಾರದ ಒಪ್ಪತ್ತು ಅಮ್ಮಾನ ಬಿಡಿಸ್ಯಾಳ.
ಗುಳಿಗಿ ನುಂಗಬೇಕಲ್ಲ, ಆಕೀಗೂ ತಿಳೀತೈತಿ."

ಆಯಿ ಕಣ್ಣು ತೆರೆಯದೆಯೇ:
"ನಿಮ್ಮಾಕಿ ಭಾಳ ಸಡ್ಲ, ಹುಲಿಗೆವ್ವ.
ನಮ್ಮಾವ ನೋಡು, ಗಡಿಯಾರ ಹಿಡಕೊಂಡು ಕುಂತಾನ."
ಕದದ ಆಚೆ ನಗು. ಈಚೆಯೂ ಚೂರು.
ಬಟ್ಟಲು ಖಾಲಿಯಾಯಿತು.
ಹಿಂದೆಯೇ ಇನ್ನೊಂದು ಕೊಟ್ಟೆ,
ಗಡಿಯಾರದ ಕಡೆ ನೋಡಲಿಲ್ಲ.

ಮೂರು ನಕ್ಷತ್ರ ಕಂಡ ಮೇಲೆ
ಹೊಸಪೇಟೆ ಕಡೆಯ ಗೂಡ್ಸ್ ಗಾಡಿ ಉದ್ದಕ್ಕೆ ಕೂಗಿತು.
ಕೊಂಬು ಊದುವವರಿಲ್ಲದ ಊರಲ್ಲಿ
ಅದನ್ನೇ ಕಿವಿಗೊಟ್ಟು ಕೇಳುವುದು ಅಪ್ಪನ ಕಾಲದ ರೂಢಿ.

ಬೀಜ ಎಣಿಸಿದೆ: ನಲವತ್ತೇಳು.
ಪಂಚೆ ತೆಗೆದು ಕಿಟಕಿ ಬಿಚ್ಚಿದರೆ
ಸಬ್ಜಾ ಗಿಡದ ಕುಂಡದಲ್ಲಿ
ಬೆಳ್ಳಗೆ ಒಣಗಿ ಬಿರಿದಿತ್ತು ಅಂಬಲಿ,
ಮೂರೋ ನಾಲ್ಕೋ ಬಟ್ಟಲಿನಷ್ಟು.

ನಾನು ಕಕ್ಕಸಿಗೆ ಎದ್ದು ಹೋದಾಗ ಇರಬೇಕು.
ಆಯಿ ನನ್ನನ್ನೇ ನೋಡುತ್ತಿದ್ದಳು,
ಮಾವು ಕದ್ದ ಹುಡುಗಿಯ ಹಾಗೆ.

ಏನೂ ಕೇಳಲಿಲ್ಲ.
ದೊಡ್ಡ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ
ಮೊದಲು ಅವಳಿಗೆ ಕೊಟ್ಟೆ.